ಅಟ್ಟದ ಟ್ರಂಕಿನಿಂದ ನಡುಮನೆಯ ಗೋಡೆಗೆ: ಹಳೆಯ ಚಿತ್ರ, ಅಜ್ಜಿಯ ಕಸೂತಿ, ಮುದ್ದಿನ ನಾಯಿ

ಹೆಚ್ಚಿನ ಮನೆಗಳಲ್ಲಿ ಹಿರಿಯರ ಕಾಲದ ವಸ್ತುಗಳು ಎರಡೇ ಕಡೆ ಸಿಗುತ್ತವೆ. ಒಂದು, ವರ್ಷಕ್ಕೊಮ್ಮೆಯೂ ಯಾರೂ ಹತ್ತದ ಅಟ್ಟದ ಟ್ರಂಕಿನಲ್ಲಿ. ಇನ್ನೊಂದು, ಬಾಗಿಲ ಮೇಲೆ ತೀರಾ ಎತ್ತರದಲ್ಲಿ ಮುಂದಕ್ಕೆ ವಾಲಿಸಿ ತೂಗುಹಾಕಿದ ಫೋಟೊ ಕಟ್ಟುಗಳಲ್ಲಿ. ಎರಡೂ ಕಡೆ ಅವು ಕಣ್ಣಿಗೆ ಬೀಳುವುದಿಲ್ಲ. ಅವುಗಳಿಂದ ಸಂತೋಷ ಸಿಗಬೇಕಾದರೆ ಅವು ದಿನವೂ ಓಡಾಡುವ ಜಾಗಕ್ಕೆ, ಕಣ್ಣಿನ ಮಟ್ಟಕ್ಕೆ ಇಳಿದು ಬರಬೇಕು. ನಡುಮನೆಯ ಒಂದು ಗೋಡೆಯನ್ನು ಇದಕ್ಕಾಗಿ ಬಿಟ್ಟುಕೊಟ್ಟು, ಕೆಡದಂತೆ ಜೋಡಿಸುವ ಕ್ರಮ ಹೀಗಿದೆ.

ಮಳೆಯಿಲ್ಲದ ಒಂದು ದಿನ, ನೇರ ಬಿಸಿಲು ಬೀಳದ ಕಡೆ ಒಗೆದ ಬಿಳಿ ಪಂಚೆಯನ್ನು ಹಾಸಿ, ಟ್ರಂಕಿನಲ್ಲಿರುವುದೆಲ್ಲವನ್ನೂ ಅದರ ಮೇಲೆ ಹರಡಿ. ಕೈಯಲ್ಲಿ ಎಣ್ಣೆಯಾಗಲಿ ಬೆವರಾಗಲಿ ಇರಬಾರದು. ಎಲ್ಲವನ್ನೂ ಗೋಡೆಗೇರಿಸುವ ಆಸೆ ಆಗುತ್ತದೆ, ಅದನ್ನು ತಡೆದುಕೊಳ್ಳಬೇಕು. ಯಾವ ವಸ್ತುವನ್ನು ಕುರಿತು ಮನೆಯಲ್ಲಿ ಒಬ್ಬರಾದರೂ ನಾಲ್ಕು ಮಾತು ಹೇಳಬಲ್ಲರೋ ಅದನ್ನು ಆರಿಸುವುದು ನನ್ನ ಮಟ್ಟಿಗೆ ಸರಿಯಾದ ಅಳತೆ. ಬೆಲೆಬಾಳುವ ಬೆಳ್ಳಿ ತಟ್ಟೆಯ ಬಗ್ಗೆ ಹೇಳಲು ಏನೂ ಇಲ್ಲದಿರಬಹುದು, ಮುಕ್ಕಾದ ಚನ್ನಪಟ್ಟಣದ ಬುಗುರಿಯ ಬಗ್ಗೆ ಅರ್ಧ ಗಂಟೆಯ ಮಾತಿರಬಹುದು.

ಆರಿಸಿದ ಮೇಲೆ ಮಾಡಬೇಕಾದದ್ದು ಬರೆದಿಡುವ ಕೆಲಸ, ಫ್ರೇಮ್ ಅಂಗಡಿಗೆ ಓಡುವುದಲ್ಲ. ಹಳೆಯ ಕಪ್ಪು–ಬಿಳುಪು ಫೋಟೊಗಳ ಬೆನ್ನಿಗೆ ಮೃದುವಾದ ಪೆನ್ಸಿಲಿನಿಂದ, ಒತ್ತದೆ, ಅಂಚಿನಲ್ಲಿ ಹೆಸರು ಮತ್ತು ಊರು ಬರೆಯಬೇಕು. ಬಾಲ್‌ಪೆನ್ನು ಬಳಸಿದರೆ ಅಕ್ಷರದ ಗೆರೆ ಮುಂಭಾಗದಲ್ಲಿ ಉಬ್ಬಿ ಕಾಣುತ್ತದೆ. ಈಚಿನ ನುಣುಪು ಫೋಟೊ ಕಾಗದದ ಮೇಲೆ ಪೆನ್ಸಿಲ್ ನಿಲ್ಲುವುದಿಲ್ಲವಾದ್ದರಿಂದ, ಬೇರೊಂದು ಚೀಟಿಯಲ್ಲಿ ಬರೆದು ಜೊತೆಗಿಡುವುದು ಮೇಲು. ಮನೆಯ ಹಿರಿಯರನ್ನು ಕೂರಿಸಿಕೊಂಡು, ಅವರು ಹೇಳುವುದನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಗುಂಪು ಫೋಟೊದಲ್ಲಿ ಮಕ್ಕಳ ಕಾಲ ಬಳಿ ಮಲಗಿರುವ ನಾಯಿಯ ಹೆಸರನ್ನೂ ಮರೆಯದೆ ಕೇಳಿ. ಮದುಮಗನ ಸೋದರಮಾವನ ಹೆಸರು ಮರೆತ ಅಜ್ಜಿಯಂದಿರೂ ಆ ನಾಯಿಯ ಹೆಸರನ್ನು ಥಟ್ಟನೆ ಹೇಳುವುದುಂಟು.

ಫೋಟೊಗಳಿಗೆ ನಮ್ಮ ಹವೆಯಲ್ಲಿ ದೊಡ್ಡ ಶತ್ರು ತೇವ. ಫೋಟೊದ ಮೇಲ್ಪದರದಲ್ಲಿರುವ ಜೆಲಾಟಿನ್ ಮಳೆಗಾಲದ ತೇವಕ್ಕೆ ಮೆತ್ತಗಾಗಿ ಗಾಜಿಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ಫೋಟೊ ಮತ್ತು ಗಾಜಿನ ನಡುವೆ ಅಂತರ ಉಳಿಯುವಂತೆ ಸುತ್ತಲೂ ಮೌಂಟ್ ಬೋರ್ಡ್ ಎಂಬ ದಪ್ಪ ರಟ್ಟಿನ ಅಂಚು ಇರಿಸಿ, ಆಮ್ಲರಹಿತ ಬೋರ್ಡನ್ನೇ ಕೇಳಿ ಕಟ್ಟು ಹಾಕಿಸಬೇಕು. ಈಗಾಗಲೇ ಅಂಟಿಹೋಗಿದ್ದರೆ ಕೀಳಲು ಹೋಗಬೇಡಿ. ಮುಖವೇ ಗಾಜಿನ ಮೇಲೆ ಉಳಿದುಬಿಡುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ, ಮೂಲವನ್ನು ಹಾಗೆಯೇ ಇಡುವುದು ಕ್ಷೇಮ. ಲ್ಯಾಮಿನೇಶನ್, ಸೆಲೋಟೇಪು, ಫೆವಿಕಾಲ್ ಈ ಮೂರನ್ನೂ ಹಳೆಯ ಫೋಟೊಗಳ ಹತ್ತಿರ ಸುಳಿಯಗೊಡಬಾರದು.

ಚಿತ್ರಕಲೆಯ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಎರಡು ಬಗೆ. ರಾಜಾ ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಮುದ್ರಣಾಲಯದಿಂದ ಬಂದ ಲಕ್ಷ್ಮೀ, ಸರಸ್ವತಿಯರ ಅಚ್ಚು ಚಿತ್ರಗಳು ಮೊದಲನೆಯ ಬಗೆ. ಮನೆಯ ಹೆಣ್ಣುಮಕ್ಕಳು ಇವುಗಳ ಸೀರೆಗೆ ಜರಿ, ಚಮಕಿ, ಬಟ್ಟೆಯ ಚೂರು ಅಂಟಿಸಿ ಸಿಂಗರಿಸುತ್ತಿದ್ದರು. ಆ ಕೆಲಸವಿರುವ ಪ್ರತಿಯೇನಾದರೂ ಸಿಕ್ಕರೆ ಅದನ್ನು ಗೋಡೆಯ ನಡುವೆಯೇ ಇಡಬೇಕೆಂಬುದು ನನ್ನ ಪಕ್ಷಪಾತ, ಏಕೆಂದರೆ ಅಚ್ಚಿನ ದೇವಿ ಸಾವಿರ ಮನೆಗಳಲ್ಲಿ ಒಂದೇ ಆಗಿದ್ದರೂ ಜರಿಯಂಚು ಆ ಮನೆಯವರದೇ. ಹಳೆಯ ಕಟ್ಟನ್ನು ಎಸೆಯಬೇಕಾಗಿಲ್ಲ. ಆದರೆ ಬೆನ್ನಿನ ಮರದ ಹಲಗೆಯಿಂದ ಕಾಗದ ಕಂದುಗಟ್ಟುತ್ತದೆಯಾದ್ದರಿಂದ, ಹಲಗೆಗೂ ಚಿತ್ರಕ್ಕೂ ನಡುವೆ ಆಮ್ಲರಹಿತ ಬೋರ್ಡೊಂದನ್ನು ಸೇರಿಸಬೇಕು. ಎರಡನೆಯ ಬಗೆ ಮೈಸೂರು ಸಾಂಪ್ರದಾಯಿಕ ಚಿತ್ರ. ಇದರಲ್ಲಿ ಒಡವೆ, ಕಿರೀಟ, ಕಂಬಗಳ ಜಾಗದಲ್ಲಿ ಬಿಳಿಯ ಪುಡಿ ಮತ್ತು ಅಂಟನ್ನು ಅರೆದು ತೆಳುವಾದ ಉಬ್ಬುಗೆಲಸ ಮಾಡಿ, ಮೇಲೆ ಚಿನ್ನದ ರೇಕು ಹಚ್ಚಿರುತ್ತಾರೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಅಂಟು ಕರಗಿ ರೇಕು ಏಳುತ್ತದೆ. ಒಣಗಿದ, ಮೃದುವಾದ ಕುಂಚದಿಂದ ಧೂಳು ಸರಿಸುವುದಷ್ಟೇ ನಮ್ಮ ಕೆಲಸ. ಉಳಿದದ್ದನ್ನು ಅದೇ ಶೈಲಿಯ ಕಲಾವಿದರಿಗೆ ಬಿಡಬೇಕು.

ಬಟ್ಟೆಗಳಲ್ಲಿ ಅಜ್ಜಿಯ ಇಳಕಲ್ ಸೀರೆಯ ಕಸೂತಿ ಸೆರಗು ಹರಿದು ಉಳಿದಿದ್ದರೆ, ಅದಕ್ಕೆ ಕಟ್ಟು ಹಾಕಿಸುವಾಗ ಅಂಟು ಬೇಡ. ಒಗೆದು ಗಂಜಿ ಬಿಡಿಸಿದ ಬಿಳಿ ಹತ್ತಿ ಬಟ್ಟೆಯನ್ನು ಬೋರ್ಡಿಗೆ ಬಿಗಿದು, ಸೆರಗನ್ನು ಅದರ ಮೇಲೆ ತೆಳು ಹತ್ತಿ ದಾರದಿಂದ, ಎಳೆಗಳ ನಡುವೆ ಸೂಜಿ ಹಾಯಿಸಿ, ಅಂಚಿನಲ್ಲಿ ಸಡಿಲವಾಗಿ ಹೊಲಿಯಬೇಕು. ಕಸೂತಿಯ ನಾಲ್ಕು ಹೊಲಿಗೆಗಳಲ್ಲಿ ಗವಂತಿ ಮತ್ತು ಮುರ್ಗಿ ಎರಡೂ ಬದಿಗೆ ಒಂದೇ ರೀತಿ ಕಾಣುತ್ತವೆ, ಗಂಟೇ ಇರುವುದಿಲ್ಲ. ಬಟ್ಟೆಯ ಮೇಲೆ ಗೆರೆ ಎಳೆಯದೆ, ಎಳೆ ಎಣಿಸಿಯೇ ತುಳಸಿ ಬೃಂದಾವನ, ತೇರು, ಆನೆಗಳನ್ನು ಎಬ್ಬಿಸಿದ ಆ ಕೈಚಳಕವನ್ನು ನೋಡಲು, ಸಣ್ಣ ತುಂಡಾದರೆ ಎರಡೂ ಕಡೆ ಗಾಜು ಹಾಕಿಸಿ ಹಲಗೆಯ ಮೇಲೆ ನಿಲ್ಲಿಸುವುದು ಒಳ್ಳೆಯದು.

ಇನ್ನು ನಾಯಿಯ ಮಾತು. ಹಿರಿಯರ ಫೋಟೊಗಳ ಸಾಲಿನಲ್ಲಿ ನಾಯಿಯೇ ಎಂದು ಮನೆಯಲ್ಲಿ ಯಾರಾದರೂ ಹುಬ್ಬೇರಿಸಿದರೆ, ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನು ನೆನಪಿಸಬಹುದು. ಶಕ ವರ್ಷ 872ರ, ಅಂದರೆ ಕ್ರಿ.ಶ. 949–50ರ ಈ ಕಲ್ಲು ಕಾಳಿ ಎಂಬ ಬೇಟೆನಾಯಿಯನ್ನು ಸ್ಮರಿಸುತ್ತದೆ. ಚೋಳರ ವಿರುದ್ಧ ನಡೆದ ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರನೆಂಬ ವೀರನಿಗೆ ಗಂಗರ ಅರಸ ಇಮ್ಮಡಿ ಬೂತುಗ ಏನು ಬೇಕೆಂದು ಕೇಳಿದಾಗ, ಅವನು ಬೇಡಿದ್ದು ಈ ನಾಯಿಯನ್ನು. ಮುಂದೆ ಕಾಳಿ ಒಂದು ಕಾಡುಹಂದಿಯ ಮೇಲೆ ಬಿದ್ದು, ಹಂದಿಯನ್ನು ಕೊಂದು ತಾನೂ ಸತ್ತಿತು. ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಂತಿತು, ಅದಕ್ಕೆ ಭೂಮಿಯೂ ದತ್ತಿಯಾಯಿತು. ನಾಯಿ ಮತ್ತು ಹಂದಿಯ ಕಾದಾಟವನ್ನು ಕೆತ್ತಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮುಧೋಳ ತಳಿಯ ನಾಯಿ ಸಾಕಿದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು: 2005ರಲ್ಲಿ ಅಂಚೆ ಇಲಾಖೆ ಆ ತಳಿಯ ಅಂಚೆಚೀಟಿ ಹೊರತಂದಿದೆ, ಅದನ್ನು ಫೋಟೊದ ಮೂಲೆಯಲ್ಲಿ ಸೇರಿಸಿದರೆ ಚೆನ್ನ.

ನಾಯಿ ಜೊತೆಗಿರುವಾಗಲೇ ಅದರ ಒಳ್ಳೆಯ ಫೋಟೊ ತೆಗೆಯಬೇಕು. ನಿಂತು ಕೆಳಮುಖವಾಗಿ ತೆಗೆದರೆ ತಲೆ ದೊಡ್ಡದಾಗಿ, ಕಾಲು ಗಿಡ್ಡವಾಗಿ ಬರುತ್ತದೆ. ನೆಲದ ಮೇಲೆ ಕುಳಿತು ಅದರ ಕಣ್ಣಿನ ಮಟ್ಟದಿಂದ, ಬೆಳಗಿನ ಹೊತ್ತಿನ ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆಯಬೇಕು. ಕಪ್ಪು ನಾಯಿಯಾದರೆ ಫೋನಿನ ಪರದೆಯಲ್ಲಿ ಅದರ ಮೈಯನ್ನು ಮುಟ್ಟಿ ಬೆಳಕನ್ನು ತುಸು ಹೆಚ್ಚಿಸಿದರೆ ಕೂದಲಿನ ಎಳೆಗಳು ಕಾಣುತ್ತವೆ. ಪಂಜದ ಗುರುತು ಬೇಕಾದವರು ಕುಂಬಾರರ ಜೇಡಿಮಣ್ಣನ್ನು ರೊಟ್ಟಿಯಂತೆ ತಟ್ಟಿ, ಮುಂಗಾಲನ್ನು ಮೆಲ್ಲಗೆ ಒತ್ತಿ, ಕೂಡಲೇ ಕಾಲು ತೊಳೆದು ಒರೆಸಬೇಕು. ಉಪ್ಪು ಬೆರೆಸಿದ ಹಿಟ್ಟಿನಲ್ಲಿ ಅಚ್ಚು ತೆಗೆಯುವ ಪದ್ಧತಿ ಬೇಡವೇ ಬೇಡ, ಏಕೆಂದರೆ ನಾಯಿ ಅದನ್ನು ತಿಂದರೆ ಉಪ್ಪು ವಿಷವಾಗುತ್ತದೆ. ಬಣ್ಣದ ಚಿತ್ರವೇ ಬೇಕೆನ್ನುವವರಿಗೆ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಯಲ್ಲಿ ಭಾವಚಿತ್ರ ಬರೆಯುವ ಕಲಾವಿದರು ಸಿಗುತ್ತಾರೆ. ಅವರಿಗೆ ಫೋಟೊ ಕೊಟ್ಟರೆ ಸಾಲದು, ಒಂದು ಕಿವಿ ಸದಾ ಮಡಚಿರುತ್ತಿತ್ತು ಎಂಬಂಥ ವಿವರವನ್ನೂ ಹೇಳಬೇಕು. ತೀರಿಹೋದ ನಾಯಿಯ ಕೊರಳಪಟ್ಟಿಯನ್ನು ತೊಳೆಯದೆ, ಒಣಬಟ್ಟೆಯಿಂದ ಒರೆಸಿ, ಆಳವಾದ ಪೆಟ್ಟಿಗೆ ಕಟ್ಟಿನಲ್ಲಿ ಗೆಜ್ಜೆಯ ಸಮೇತ ಇಡಿ.

ಮೊಳೆ ಹೊಡೆಯುವ ಮುನ್ನ ಹಳೆಯ ಪತ್ರಿಕೆಯನ್ನು ಪ್ರತಿ ಕಟ್ಟಿನ ಅಳತೆಗೆ ಕತ್ತರಿಸಿ ಗೋಡೆಗೆ ಅಂಟಿಸಿ, ಎರಡು ದಿನ ನೋಡಿ, ಬೇಕಾದಂತೆ ಬದಲಿಸಿ. ಚಿತ್ರದ ನಡುಭಾಗ ನೆಲದಿಂದ ಸುಮಾರು 145ರಿಂದ 150 ಸೆಂಟಿಮೀಟರ್ ಎತ್ತರಕ್ಕೆ ಬಂದರೆ ಸಾಕು. ಮಳೆ ಬಡಿಯುವ ಹೊರಗೋಡೆಯನ್ನೂ, ಬಚ್ಚಲಿಗೆ ತಾಗಿದ ಗೋಡೆಯನ್ನೂ, ನೇರ ಬಿಸಿಲು ಬೀಳುವ ಗೋಡೆಯನ್ನೂ ಬಿಡಬೇಕು. ಪ್ರತಿ ಕಟ್ಟಿನ ಹಿಂದಿನ ಕೆಳಮೂಲೆಗಳಿಗೆ ಬಿರಡೆಯ ಚೂರು ಅಂಟಿಸಿದರೆ ಗೋಡೆಗೂ ಕಟ್ಟಿಗೂ ನಡುವೆ ಗಾಳಿಯಾಡುತ್ತದೆ. ಕೆಳಗಿನ ಹಲಗೆಯ ಮೇಲೆ ಗಾಜಿನದೇನಾದರೂ ಇಡುವುದಾದರೆ, ಈಗ ಮನೆಯಲ್ಲಿರುವ ನಾಯಿಯ ಬಾಲ ಎಷ್ಟು ಎತ್ತರಕ್ಕೆ ಬೀಸುತ್ತದೆ ಎಂಬುದನ್ನು ಮೊದಲು ನೋಡಿಕೊಳ್ಳಿ.

ಮಳೆಗಾಲ ಮುಗಿದು ದಸರೆಗೆ ಮನೆ ತೊಳೆಯುವ ಹೊತ್ತಿಗೆ ಕಟ್ಟುಗಳನ್ನೆಲ್ಲ ಒಮ್ಮೆ ಇಳಿಸಿ, ಬೆನ್ನಿನಲ್ಲಿ ಗೆದ್ದಲಿನ ಮಣ್ಣು, ಬೂಷ್ಟು ಇದೆಯೇ ಎಂದು ಪರೀಕ್ಷಿಸಬೇಕು. ಗಾಜಿಗೆ ನೀರು ಚಿಮುಕಿಸದೆ, ತುಸು ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಒರೆಸಬೇಕು. ಟ್ರಂಕಿಗೆ ಮರಳುವ ಬಟ್ಟೆಗಳನ್ನು ಹಳೆಯ ಮಡಿಕೆ ಬಿಟ್ಟು ಬೇರೆ ಮಡಿಕೆಯಲ್ಲಿ ಮಡಚಿ, ಬಿಳಿ ಬಟ್ಟೆಯಲ್ಲಿ ಸುತ್ತಿಡಿ. ನಾಯಿಯಿರುವ ಮನೆಯಲ್ಲಿ ನುಸಿಗುಳಿಗೆ ಬಳಸದಿರುವುದೇ ಲೇಸು. ಅದು ನಾಯಿಗೆ ವಿಷ. ಒಣಗಿಸಿದ ಬೇವಿನ ಎಲೆಯನ್ನು ತೆಳು ಬಟ್ಟೆಯಲ್ಲಿ ಗಂಟುಕಟ್ಟಿ ಟ್ರಂಕಿನ ಮೂಲೆಗಿಟ್ಟು, ವರ್ಷಕ್ಕೊಮ್ಮೆ ಬದಲಿಸಿ.