ಸರೋವರ ಕಾಣುವ ಎತ್ತರದ ಕಾಡಿಗೆ ಹೋಗುವವರಿಗೆ

ನಕ್ಷೆಯಲ್ಲಿ ದೂರವನ್ನಷ್ಟೇ ನೋಡಿ ಹೊರಡಬೇಡಿ, ಏರನ್ನೂ ನೋಡಿ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಕೊಟ್ಟ ಲೆಕ್ಕ ಇಂದಿಗೂ ಉಪಯುಕ್ತ: ಸುಮಾರು 5 ಕಿ.ಮೀ. ನಡಿಗೆಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಮತ್ತೊಂದು ಗಂಟೆ. ಇದರಲ್ಲಿ ವಿಶ್ರಾಂತಿ ಸೇರಿಲ್ಲ. ಮಕ್ಕಳಿದ್ದರೆ ಧಾರಾಳವಾಗಿ ಸಮಯ ಸೇರಿಸಿಕೊಳ್ಳಿ.

ನೀರಿನಲ್ಲಿ ಬೆಟ್ಟದ ಪ್ರತಿಬಿಂಬ ನೋಡುವ ಆಸೆಯಿದ್ದರೆ ಬೆಳಗ್ಗೆಯೇ ತಲುಪಿ. ಬಿಸಿಲೇರಿದಂತೆ ಇಳಿಜಾರುಗಳಲ್ಲಿ ಗಾಳಿ ಎದ್ದು ನೀರು ಕಲಕುತ್ತದೆ. ಸರೋವರದ ಪೂರ್ವಕ್ಕಿರುವ ನೋಟದ ತಾಣವನ್ನು ಬೆಳಗ್ಗೆಗೆ ಆರಿಸಿಕೊಳ್ಳಿ: ಸೂರ್ಯ ಬೆನ್ನ ಹಿಂದಿರುತ್ತಾನೆ, ಎದುರಿನ ಕಾಡಿನ ಬಣ್ಣ ಸ್ಪಷ್ಟವಾಗಿ ಕಾಣುತ್ತದೆ. ಮಂಜು ಮುಚ್ಚಿದ್ದರೆ ನಿರಾಶರಾಗಿ ಹಿಂತಿರುಗಬೇಡಿ, ಸ್ವಲ್ಪ ಕಾಯಿರಿ. ಅದು ಸರಿಯುವ ಕೆಲವು ನಿಮಿಷಗಳೇ, ನನ್ನ ಮಟ್ಟಿಗೆ, ಇಡೀ ನಡಿಗೆಯ ಅತ್ಯುತ್ತಮ ಭಾಗ.

ಪ್ರತಿ 100 ಮೀಟರ್ ಎತ್ತರಕ್ಕೆ ಉಷ್ಣಾಂಶ ಸುಮಾರು 0.6 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ, ಬೆವರಿದ ಮೈಗೆ ಗಾಳಿ ತಾಗಿದರೆ ಚಳಿ ಇನ್ನೂ ಹೆಚ್ಚು. ಹಗುರವಾದ ಜಾಕೆಟ್ ಇರಲಿ. ಒದ್ದೆಯಾದ ಮರದ ಬೇರುಗಳ ಮೇಲೆ ಕಾಲಿಡದೆ ದಾಟಿ; ಕಲ್ಲಿಗಿಂತ ಅವೇ ಹೆಚ್ಚು ಜಾರುತ್ತವೆ. ನಕ್ಷೆಯನ್ನು ಮೊದಲೇ ಮೊಬೈಲ್‌ಗೆ ಇಳಿಸಿಕೊಳ್ಳಿ. ಮರಗಳಡಿ ಕತ್ತಲು ಬೇಗ ಕವಿಯುವುದರಿಂದ ಟಾರ್ಚ್ ಮರೆಯಬೇಡಿ.