ಡೊಮೇನ್ ನಿಮ್ಮದೇ ಎಂದು ತೋರಿಸುವುದು ಹೇಗೆ?

ಕಳೆದ ವರ್ಷ ಮಡಿಕೇರಿ ದಸರಾ ವಾರದಲ್ಲೇ ನಮ್ಮ ಹೋಂಸ್ಟೇ ವೆಬ್‌ಸೈಟ್ ಎರಡು ದಿನ ತೆರೆಯಲಿಲ್ಲ. ನಮಗೆ ಗೊತ್ತೂ ಆಗಲಿಲ್ಲ. ಹಳೆಯ ಅತಿಥಿಯೊಬ್ಬರು ಫೋನ್ ಮಾಡಿ "ಹೋಂಸ್ಟೇ ಮುಚ್ಚಿಬಿಟ್ರಾ?" ಎಂದು ಕೇಳಿದಾಗಲೇ ತಿಳಿದದ್ದು. ಡೊಮೇನ್, ಅಂದರೆ ಸೈಟಿನ ವಿಳಾಸದ ಹೆಸರು, ಅದರ ಅವಧಿ ಮುಗಿದಿತ್ತು. ಎಚ್ಚರಿಕೆಯ ಮೇಲ್‌ಗಳೆಲ್ಲ ಸೈಟ್ ಮಾಡಿಕೊಟ್ಟ ಹುಡುಗನಿಗೆ ಹೋಗಿದ್ದವು, ಏಕೆಂದರೆ ಖಾತೆ ಇದ್ದದ್ದು ಅವನ ಹೆಸರಲ್ಲಿ.

ಆಮೇಲೆ ಮಾನಿಟರಿಂಗ್ ಸೇವೆಯೊಂದಕ್ಕೆ ಸೇರಿದೆ. ಅದು ಕೆಲವು ನಿಮಿಷಕ್ಕೊಮ್ಮೆ ಸೈಟ್ ನೋಡಿ, ತೆರೆಯದಿದ್ದರೆ ಮೊಬೈಲಿಗೆ ಸಂದೇಶ ಕಳಿಸುತ್ತದೆ. ಶುರುವಿನಲ್ಲೇ ಅದು ಡೊಮೇನ್ ನಿಮ್ಮದೇ ಎಂಬುದಕ್ಕೆ ಪುರಾವೆ ಕೇಳುತ್ತದೆ. ಕೇಳಬೇಕಾದದ್ದೇ. ಇಂಥ ಕೆಲವು ಸೇವೆಗಳು ಸೈಟಿನ ಭದ್ರತೆಯ ಹುಳುಕುಗಳನ್ನೂ ಪಟ್ಟಿ ಮಾಡುತ್ತವೆ, ಅದು ಬೇರೆಯವರ ಕೈಗೆ ಸಿಗಬಾರದು. ಪಕ್ಕದ ತೋಟದ ಪಹಣಿ ತೋರಿಸಿ ನಾವು ಸಾಲ ಎತ್ತಲು ಆಗುತ್ತದೆಯೇ? ಇದೂ ಹಾಗೇ.

ಹಾಗಾಗಿ ಮೊದಲು ಡೊಮೇನ್ ಕೊಂಡ ಖಾತೆ ಯಾರ ಇಮೇಲ್‌ನಲ್ಲಿದೆ ನೋಡಿ. ಬೇರೆಯವರದಾಗಿದ್ದರೆ ಇವತ್ತೇ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಉಳಿದದ್ದೆಲ್ಲ ಅರ್ಧ ಗಂಟೆಯ ಕೆಲಸ.

ಮಾನಿಟರಿಂಗ್ ಸೇವೆಯಲ್ಲಿ ಡೊಮೇನ್ ಹೆಸರು ಹಾಕಿದರೆ ಉದ್ದನೆಯ ಕೋಡ್ ಒಂದು ಸಿಗುತ್ತದೆ. ಅದನ್ನು ಕಾಪಿ ಮಾಡಿಕೊಳ್ಳಿ. ಡೊಮೇನ್ ಖಾತೆಗೆ ಹೋಗಿ ಡಿಎನ್‌ಎಸ್ (DNS) ಪುಟ ತೆರೆಯಿರಿ. ಆ ಹೆಸರಿನ ಸೈಟ್, ಮೇಲ್ ಎಲ್ಲಿವೆ ಎಂಬಂಥ ವಿವರಗಳ ಪಟ್ಟಿ ಅದು, ಒಂದೊಂದು ಸಾಲೂ ಒಂದು ರೆಕಾರ್ಡ್. ಹೊಸ ರೆಕಾರ್ಡ್ ಸೇರಿಸಿ, ಬಗೆ ಎಂಬಲ್ಲಿ ಟಿಎಕ್ಸ್‌ಟಿ (TXT, ಬರೀ ಬರಹದ ಸಾಲು) ಆರಿಸಿ. ಹೋಸ್ಟ್ ಎಂಬಲ್ಲಿ ಸಾಮಾನ್ಯವಾಗಿ @ ಗುರುತು ಸಾಕು. ನಾನು ಅಲ್ಲಿ ಪೂರ್ತಿ ಡೊಮೇನ್ ಹೆಸರು ಬರೆದಿದ್ದೆ. ಆ ಪುಟ ಕೊನೆಗೆ ತಾನೇ ಹೆಸರು ಸೇರಿಸುವುದರಿಂದ ಅದು ಎರಡೆರಡು ಸಲ ಬಂದು, ಒಂದು ಸಂಜೆ ಸುಮ್ನೆ ಹಾಳಾಯಿತು. ವ್ಯಾಲ್ಯೂ ಎಂಬಲ್ಲಿ ಕೋಡ್ ಅಂಟಿಸಿ. ಹಿಂದೆ ಮುಂದೆ ಖಾಲಿ ಜಾಗ ಬೇಡ. ಟಿಟಿಎಲ್ (TTL, ಈ ಸಾಲನ್ನು ಬೇರೆ ಸರ್ವರುಗಳು ನೆನಪಿಟ್ಟುಕೊಳ್ಳುವ ಹೊತ್ತು) 3600 ಇದ್ದರೆ ಹಾಗೇ ಬಿಡಿ. ಅದು ಸೆಕೆಂಡ್ ಲೆಕ್ಕ, ಅಂದರೆ 1 ಗಂಟೆ.

ಅಲ್ಲಿ ಈಗಾಗಲೇ ಇರುವ ಟಿಎಕ್ಸ್‌ಟಿ ಸಾಲುಗಳನ್ನು ಮಾತ್ರ ಮುಟ್ಟಬೇಡಿ. ಎಸ್‌ಪಿಎಫ್ ಎಂಬ ಸಾಲು ನಿಮ್ಮ ಇಮೇಲ್‌ಗೆ ಸೇರಿದ್ದು. ಅದನ್ನು ಅಳಿಸಿದರೆ ಬುಕಿಂಗ್ ಖಚಿತಪಡಿಸುವ ಮೇಲ್‌ಗಳು ಅತಿಥಿಗಳ ಸ್ಪ್ಯಾಮ್‌ಗೆ ಬೀಳಬಹುದು. ಹೊಸ ಸಾಲನ್ನು ಪಕ್ಕದಲ್ಲಿ ಸೇರಿಸಿದರೆ ಆಯಿತು.

ಎಲ್ಲ ಸರಿ ಹಾಕಿಯೂ ಆಗದಿದ್ದರೆ ನೇಮ್‌ಸರ್ವರ್, ಅಂದರೆ ಡಿಎನ್‌ಎಸ್ ಪಟ್ಟಿಯನ್ನು ಇಟ್ಟಿರುವ ಸರ್ವರ್, ಯಾರದೆಂದು ನೋಡಿ. ಡೊಮೇನ್ ಒಂದು ಕಡೆ ಕೊಂಡು, ಡಿಎನ್‌ಎಸ್ ಅನ್ನು ಕ್ಲೌಡ್‌ಫ್ಲೇರ್‌ನಂಥ ಬೇರೆ ಕಡೆಗೆ ತಿರುಗಿಸಿದ್ದರೆ, ರೆಕಾರ್ಡ್ ಹಾಕಬೇಕಾದದ್ದು ಅಲ್ಲಿ. ಕೊಂಡ ಕಡೆ ಎಷ್ಟು ಸಲ ಹಾಕಿದರೂ ಯಾರಿಗೂ ಕಾಣುವುದಿಲ್ಲ.

ಸೇವ್ ಮಾಡಿ, ಹತ್ತು ನಿಮಿಷ ಬಿಟ್ಟು ವೆರಿಫೈ ಒತ್ತಿ. ಕೆಲವೊಮ್ಮೆ ಒಂದೆರಡು ದಿನವೂ ಹಿಡಿಯುತ್ತದೆ. ಕೋಡ್ ಇರುವ ಫೈಲನ್ನು ಸೈಟಿಗೆ ಏರಿಸುವ ದಾರಿಯೂ ಇದೆ, ಆದರೆ ಸೈಟ್ ಹೊಸದಾಗಿ ಮಾಡಿಸಿದಾಗ ಆ ಫೈಲ್ ಅಳಿದುಹೋಗುವುದೇ ಜಾಸ್ತಿ. ಡಿಎನ್‌ಎಸ್ ದಾರಿಯೇ ಗಟ್ಟಿ. ಕೆಲಸ ಆಯಿತೆಂದು ಆ ಸಾಲನ್ನು ತೆಗೆಯಬೇಡಿ. ಗೂಗಲ್ ಹುಡುಕಾಟದಲ್ಲಿ ಸೈಟ್ ಹೇಗೆ ಕಾಣುತ್ತದೆಂದು ತೋರಿಸುವ ಗೂಗಲ್ ಸರ್ಚ್ ಕನ್ಸೋಲ್ ಥರದ ಸೇವೆಗಳು ಆ ಸಾಲು ಇದೆಯೇ ಎಂದು ಆಗಾಗ ಮತ್ತೆ ನೋಡುತ್ತವೆ.

ಕೊನೆಗೆ, ಎಚ್ಚರಿಕೆ ಯಾರಿಗೆ ಹೋಗಬೇಕೆಂದು ತುಂಬಿ. ನಾನು ಎರಡನೆಯ ನಂಬರ್ ಆಗಿ ಮೈಸೂರಿನಲ್ಲಿರುವ ತಂಗಿಯದನ್ನು ಕೊಟ್ಟಿದ್ದೇನೆ. ಕಕ್ಕಡ ತಿಂಗಳ ಜೋರು ಮಳೆಗೆ ನಮ್ಮಲ್ಲಿ ಕರೆಂಟೂ ಟವರೂ ಒಟ್ಟಿಗೆ ಹೋದರೂ ಸಂದೇಶ ಅವಳಿಗೆ ಮುಟ್ಟುತ್ತದೆ.