ಮುರಿದ ಜಿಂಕೆ ಕೊಂಬಿನ ರಿಪೇರಿ: ನಾನು ಮಾಡುವ ಕ್ರಮ

ನಾನು ರಿಪೇರಿ ಮಾಡುವುದು ಅಮೆರಿಕದ ವಿಸ್ಕಾನ್ಸಿನ್ ಕಡೆ ವೈಟ್‌ಟೇಲ್ (ಬಿಳಿ ಬಾಲದ) ಜಿಂಕೆಗಳು ಚಳಿಗಾಲದಲ್ಲಿ ಉದುರಿಸುವ ಕೊಂಬುಗಳನ್ನು. ಊರಿನವರಿಗೆ ಮೊದಲೇ ಒಂದು ಮಾತು: ಅಟ್ಟದಲ್ಲಿರುವ ಚುಕ್ಕೆ ಜಿಂಕೆಯ ಅಥವಾ ಕಡವೆಯ ಕೊಂಬಿಗೆ ಇದನ್ನು ಪ್ರಯೋಗಿಸಬೇಡಿ. ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ, ಮಾಲೀಕತ್ವದ ಪ್ರಮಾಣಪತ್ರವಿಲ್ಲದೆ ಅದು ಮನೆಯಲ್ಲಿರುವುದೇ ಅಪರಾಧ. ಅಮೆರಿಕದಲ್ಲೂ ಬುರುಡೆಯ ತುಂಡು ಅಂಟಿಕೊಂಡಿರುವ ಕೊಂಬಿಗೆ ನಿಯಮ ಬೇರೆ, ರಾಜ್ಯದಿಂದ ರಾಜ್ಯಕ್ಕೂ ಬೇರೆ, ವಿಚಾರಿಸಿಯೇ ಎತ್ತಿಕೊಳ್ಳಬೇಕು.

ಜಿಂಕೆಯ ಕೊಂಬು ಅಪ್ಪಟ ಮೂಳೆ. ಹೊರಗೆ ಗಟ್ಟಿ ಪದರ, ಒಳಗೆ ಸ್ಪಂಜಿನಂಥ ತಿರುಳು. ಕಾಡಿನಲ್ಲಿ ಬಿದ್ದಿದ್ದರೆ ಇಲಿ, ಅಳಿಲುಗಳು ಕ್ಯಾಲ್ಸಿಯಂಗಾಗಿ ತುದಿಗಳನ್ನು ಕಡಿದಿರುತ್ತವೆ. ಬಿಸಿಲಿಗೆ ಬಣ್ಣ ಹೋಗಿ ಉದ್ದಕ್ಕೆ ಸೀಳು ಬಿಟ್ಟಿರುತ್ತದೆ. ತೊಳೆಯಲು ಸೋಪು ನೀರು, ಹಳೆಯ ಟೂತ್‌ಬ್ರಷ್ ಸಾಕು. ಬ್ಲೀಚ್ ಮಾತ್ರ ಬೇಡವೇ ಬೇಡ, ಅದು ಮೂಳೆಯನ್ನೇ ಪುಡಿ ಮಾಡುತ್ತದೆ. ನೆರಳಲ್ಲಿ ಕೆಲವು ದಿನ ಒಣಗಲಿ. ತಿರುಳಿನಲ್ಲಿ ತೇವ ಉಳಿದರೆ ಎಪಾಕ್ಸಿ (ಎರಡು ಭಾಗ ಬೆರೆಸಿ ಹಾಕುವ ಗಟ್ಟಿ ಅಂಟು) ಕಚ್ಚುವುದಿಲ್ಲ.

ಮುರಿದ ಕವಲು ಕೈಯಲ್ಲಿದ್ದರೆ ಬರೀ ಅಂಟು ಹಾಕಿ ಕೂರಿಸುವ ಆಸೆ ಬರುತ್ತದೆ. ಗೋಡೆಯಿಂದ ಒಮ್ಮೆ ಬಿದ್ದರೆ ಅದೇ ಗೆರೆಯಲ್ಲಿ ಮತ್ತೆ ಮುರಿಯುತ್ತದೆ. ಒಳಗೆ ಕಬ್ಬಿಣದ ಪಿನ್ ಬೇಕೇ ಬೇಕು. ಒಂದು ತುಂಡಿನ ನಡುವೆ ಒಂದು ಹನಿ ಬಣ್ಣ ಇಟ್ಟು ಇನ್ನೊಂದನ್ನು ಒತ್ತಿದರೆ ಎದುರಿನ ಗುರುತು ಸಿಗುತ್ತದೆ. ಎರಡೂ ಕಡೆ 4 ಮಿ.ಮೀ. ಬಿಟ್‌ನಿಂದ 20 ಮಿ.ಮೀ. ಆಳಕ್ಕೆ ಕೊರೆದು, 3 ಮಿ.ಮೀ. ದಪ್ಪದ, 38 ಮಿ.ಮೀ. ಉದ್ದದ ತಿರುಪಿನಂಥ ಸುರುಳಿ ಗೀರಿರುವ (ಥ್ರೆಡೆಡ್) ಕಡ್ಡಿ ಹಾಕುತ್ತೇನೆ. ತೂತು ಸ್ವಲ್ಪ ದೊಡ್ಡದಿದ್ದರೆ ಕವಲಿನ ಓರೆಯನ್ನು ಸರಿಪಡಿಸಲು ಜಾಗವಿರುತ್ತದೆ. ನುಣುಪಾದ ಕಡ್ಡಿಯಾದರೆ ಒಳಗಿನ ಗಾಳಿ ಹೊರಬರಲಾರದೆ ತುಂಡನ್ನು ಮೆಲ್ಲಗೆ ಹೊರತಳ್ಳುತ್ತದೆ. ಸುರುಳಿ ಗೀರಿನ ಸಂದಿನಲ್ಲಿ ಅದಕ್ಕೆ ದಾರಿ ಸಿಗುತ್ತದೆ. ಐದು ನಿಮಿಷದ ಎಪಾಕ್ಸಿ ಬಿಟ್ಟು, ನಿಧಾನವಾಗಿ ಗಟ್ಟಿಯಾಗುವುದನ್ನೇ ಬಳಸಿ. ಟೇಪ್ ಸುತ್ತಿ 24 ಗಂಟೆ ಮುಟ್ಟಬೇಡಿ. ಕೊರೆಯುವಾಗ, ಉಜ್ಜುವಾಗ ಎನ್95 ಮಾಸ್ಕ್ ಹಾಕಲೇಬೇಕು, ಮೂಳೆಯ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಕವಲೇ ಕಳೆದುಹೋಗಿದ್ದರೆ ಕೆಲಸ ಹೆಚ್ಚು, ನನಗೆ ಖುಷಿಯೂ ಹೆಚ್ಚು. ಜೊತೆಯ ಕೊಂಬು ಇದ್ದರೆ, ಅದರ ಕವಲಿನ ಬಾಗಿಗೆ ಸರಿಯಾಗಿ ತಂತಿ ಬಗ್ಗಿಸಿಕೊಂಡು, ತಿರುಗಿಸಿ ಈ ಕಡೆಗೆ ಅಳತೆಯಾಗಿ ಹಿಡಿಯುತ್ತೇನೆ. ಮುರಿದ ಬುಡವನ್ನು ಒರಟಾಗಿ ಉಜ್ಜಿ, ಪಿನ್ ನೆಟ್ಟು, ಅದರ ಮೇಲೆ ಎರಡು ಭಾಗದ ಎಪಾಕ್ಸಿ ಜೇಡಿಯನ್ನು (ನಾನು ಬಳಸುವುದು ಅಪಾಕ್ಸಿ ಸ್ಕಲ್ಪ್ಟ್) 1:1 ಬೆರೆಸಿ ಕಟ್ಟುತ್ತೇನೆ. ಒಂದೇ ಸಲಕ್ಕೆ ದಪ್ಪ ಹಾಕಿದರೆ ಜೋತು ಬೀಳುತ್ತದೆ. ಮೊದಲ ಪದರ ಗಟ್ಟಿಯಾದ ಮೇಲೆ ಎರಡನೆಯದು. ಒದ್ದೆ ಬೆರಳಿನಿಂದ ನುಣುಪು ಮಾಡಿ, ಮೆತ್ತಗಿರುವಾಗಲೇ ಸೂಜಿಯಿಂದ ಉದ್ದ ಗೀರುಗಳನ್ನು ಎಳೆಯಬೇಕು. ಬುಡದ ಹತ್ತಿರ ಮುತ್ತಿನಂಥ ಗಂಟುಗಳಿರುತ್ತವೆ, ತುದಿಗೆ ಹೋದಂತೆ ಮೈ ನಯವಾಗುತ್ತದೆ. ಕಾರಿನ ಬಾಡಿ ಫಿಲ್ಲರ್ ಅಗ್ಗ, ಆದರೆ ಗಟ್ಟಿಯಾಗುವಾಗ ಕುಗ್ಗುತ್ತದೆ. ಜೋಡಣೆಯ ಅಂಚಿನಲ್ಲಿ ಬಿರುಕು ಕಾಣುತ್ತದೆ.

ರಿಪೇರಿ ಬಯಲಾಗುವುದು ಬಹುತೇಕ ಬಣ್ಣದಿಂದಲೇ. ಬಿಳಿಚಿಕೊಂಡ ಮೂಳೆಗೆ ಬೆಚ್ಚಗಿನ ನೀರಿನಲ್ಲಿ ಒಂದು ಚಿಟಿಕೆ ಪೊಟ್ಯಾಸಿಯಂ ಪರ್ಮಾಂಗನೇಟ್ ಕರಗಿಸಿ ಬಳಿಯುತ್ತೇನೆ. ನೇರಳೆಯಾಗಿ ಹತ್ತಿ, ಒಣಗುತ್ತಾ ಕಂದು ಆಗುತ್ತದೆ. ತೆಳುವಾಗಿ ಹಚ್ಚಿ, ಬೇಕಿದ್ದರೆ ಮತ್ತೊಮ್ಮೆ. ಕೈಗವಸು ಇರಲಿ. ಗ್ಲಿಸರಿನ್ ಹತ್ತಿರ ಆ ಪುಡಿಯನ್ನು ಇಡಲೇಬೇಡಿ, ಎರಡೂ ಸೇರಿದರೆ ಬೆಂಕಿ ಹತ್ತುತ್ತದೆ. ಎಪಾಕ್ಸಿಯ ಭಾಗಕ್ಕೆ ಈ ದ್ರಾವಣ ಹಿಡಿಯದು. ಹಾಗಾಗಿ ಮೂಳೆಯ ಬಣ್ಣ ಮೊದಲು ಮುಗಿಯಬೇಕು. ಆಮೇಲೆ ಎಪಾಕ್ಸಿಗೆ ದಂತದ ಬಣ್ಣದ ಅಕ್ರಿಲಿಕ್ ಅಡಿಪದರ, ಅದರ ಮೇಲೆ ನೀರಾದ ರಾ ಅಂಬರ್ (ಕಡು ಕಂದು ಬಣ್ಣ) ಬಳಿದು ತಕ್ಷಣ ಒರೆಸಬೇಕು. ಗೀರುಗಳಲ್ಲಿ ಕಪ್ಪು ನಿಲ್ಲುತ್ತದೆ, ಏರುಗಳು ತಿಳಿಯಾಗುತ್ತವೆ. ಈ ಬಣ್ಣ ಜೋಡಣೆಯ ಗೆರೆಯನ್ನು ದಾಟಿ ಎರಡು ಸೆಂ.ಮೀ. ನಿಜವಾದ ಮೂಳೆಯ ಮೇಲೂ ಹರಿಯಲಿ. ತುದಿ ಸಾಮಾನ್ಯವಾಗಿ ತಿಳಿ ಬಿಳಿ. ಜಿಂಕೆ ಮರಕ್ಕೆ ತಿಕ್ಕಿ ತಿಕ್ಕಿ ಅದು ಹಾಗಾಗಿರುತ್ತದೆ.

ಕೊನೆಗೆ ಪೇಸ್ಟ್ ವ್ಯಾಕ್ಸ್ ಹಚ್ಚಿ ಬಟ್ಟೆಯಲ್ಲಿ ಉಜ್ಜಿದರೆ ಸಾಕು. ಹೊಳೆಯುವ ವಾರ್ನಿಷ್ ಹಾಕಿದರೆ ಪ್ಲಾಸ್ಟಿಕ್ ಥರ ಕಾಣುತ್ತದೆ. ಹೀಟರ್‌ನ ಗಾಳಿ, ಕಿಟಕಿಯ ನೇರ ಬಿಸಿಲು ಬೀಳದ ಗೋಡೆಗೆ ತೂಗುಹಾಕಿ. ಕೊಂಬಿನ ಗಾತ್ರವನ್ನು ಅಳತೆ ಹಾಕಿಸಿ ಅದಕ್ಕೆ ಅಂಕ ಪಡೆಯುವ ಯೋಚನೆಯಿದ್ದರೆ ರಿಪೇರಿಗೆ ಮೊದಲೇ ಅದನ್ನು ಮುಗಿಸಿ.